ಚಕ್ಕೋತದ ತೋಪಿನಲ್ಲಿ ಝೊಂಯ್ ಅಂದ ದೊರೆ

ಏಳು ಕೆರೆ ದಾಟಿ, ಎಂಟನೇ ಕೆರೆಯ ಏರಿ ಮೇಲೆ ನಿಂತು ನೋಡಿದರೆ ಕಾಣುವಂಥ ಒಂದು ಊರಿತ್ತಂತೆ. ಆ ಊರಿಗೊಬ್ಬ ದೊರೆ. ಹೆಸರು ವೀರಮಲ್ಲರಾಯ. ಆದರೆ ಆ ಹೆಸರು ಹಿಡಿದು ಕರೀತಿದ್ದವರು ಅವನ ಎದುರಿಗೆ ನಿಂತವರು ಮಾತ್ರ. ಬೆನ್ನ ಹಿಂದೆ ಊರಿಗೆ ಊರೇ ಅವನನ್ನು ನಂದುರಾಯ ಅಂತಿತ್ತಂತೆ. ಯಾಕೆ ಅಂದರೆ, ದೊರೆ ಬೆಳಗ್ಗೆ ಎದ್ದು ಉಪ್ಪರಿಗೆ ಮೇಲೆ ನಿಂತು ಕೆರೆ ನೋಡಿದರೆ ‘ಅದು ನಂದು’ ಅನ್ನೋನು. ಬೆಟ್ಟ ನೋಡಿದರೆ ‘ಅದೂ ನಂದು’. ಬೆಟ್ಟದ ಮೇಲೆ ಒಂದು ಮೋಡ ಬಂದು ಕೂತರೆ, ನನ್ನ ಬೆಟ್ಟದ ಮೇಲೆ ಕೂತಿದೆ ಅಂದಮೇಲೆ ಅದೂ ನಂದೇ ಅನ್ನೋನು. ಒಂದು ಸಲ ಆ ಮೋಡ ಪಕ್ಕದ ಸೀಮೆಗೆ ಹೋಗಿ ಮಳೆ ಸುರಿಸಿಬಿಟ್ಟಿತು ಅಂತ ಒಂದು ಹೊತ್ತಿನ ಊಟ ಬಿಟ್ಟು ಮಲಗಿದ್ದನಂತೆ ಪುಣ್ಯಾತ್ಮ.

ಅರಮನೆಯ ಹಿಂದೆ ಹನ್ನೆರಡು ಚಕ್ಕೋತದ ಮರಗಳ ತೋಪು. ಹಣ್ಣು ಒಂದೊಂದೂ ಕೂಸಿನ ತಲೆಯಷ್ಟು ದಪ್ಪ. ಸಿಪ್ಪೆ ಬಿಡಿಸಿದರೆ ಒಳಗೆ ಕೆಂಪನೆ ತೊಳೆ. ತೋಪು ನೋಡಿಕೊಳ್ಳುತ್ತಿದ್ದವಳು ಮಂಚವ್ವ. ಅವಳ ಅತ್ತೆ ನೆಟ್ಟ ಮರಗಳು, ಗಂಡ ನೀರು ಹೊತ್ತ ಮರಗಳು. ಅವರಿಬ್ಬರೂ ತೀರಿಕೊಂಡ ಮೇಲೆ ಮರಗಳಿಗೆ ಇವಳು, ಇವಳಿಗೆ ಮರಗಳು. ಹನ್ನೆರಡಕ್ಕೂ ಹೆಸರಿಟ್ಟಿದ್ದಳಂತೆ. ಎತ್ತರದವಳು ದೊಡ್ಡಕ್ಕ, ಕುಳ್ಳಿ ಗಿಡ್ಡಕ್ಕ, ಬಾಗಿದವಳು ಸೊಟ್ಟಕ್ಕ, ಹೀಗೆ. ನೀರು ಹಾಯಿಸುವಾಗ ಒಬ್ಬಳಿಗೆ ಒಂದು ಕೊಡ ಹೆಚ್ಚಾಯಿತೋ, ಉಳಿದ ಹನ್ನೊಂದು ಜನರ ಹತ್ತಿರ ಹೋಗಿ ಸಮಾಧಾನ ಹೇಳಿ ಬರೋಳು.

ತೋಪಿನ ಮೂಲೆಯಲ್ಲಿ ಅವಳ ಮಣ್ಣಿನ ಗುಡಿಸಲು. ಆ ಗೋಡೆಯ ಪೊಟರೆಯೊಳಗೆ ತುಡುವೆ ಜೇನಿನ ಸಂಸಾರ. ಆ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ಜೇನು ತಾನಾಗಿ ಬಂದು ಯಾರ ಮನೆ ಗೋಡೆ ಸೇರುತ್ತೋ, ಅವರಿಗೆ ಅದು ತವರಿಗೆ ಬಂದ ಹೆಣ್ಣುಮಗಳು. ಬಂದ ದಿನ ತೂತಿನ ಬಾಯಿಗೆ ಅರಿಶಿನ ಕುಂಕುಮ ಇಡಬೇಕು. ಹೊಗೆ ಹಾಕಿ ಓಡಿಸಬಾರದು. ತುಪ್ಪ ತೆಗೆಯುವಾಗ ಕೇಳಿ ತೆಗೆಯಬೇಕು, ಅರ್ಧ ಬಿಡಬೇಕು. ಮಂಚವ್ವ ಇದನ್ನೆಲ್ಲ ತಪ್ಪದೆ ನಡೆಸಿಕೊಂಡು ಬಂದಿದ್ದಳು. ಅವಳಿಗೆ ಜೇನಿನ ಮಾತೂ ತಿಳೀತಿತ್ತಂತೆ. ನಲವತ್ತು ವರ್ಷ ಒಂದೇ ಗೋಡೆಯ ಆಚೆ ಈಚೆ ಮಲಗಿದವರಿಗೆ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಇರುತ್ತಾ?

ಹೀಗಿರುವಾಗ ಒಂದು ಮಾಘಮಾಸ, ಹನ್ನೆರಡು ಮರವೂ ಬೆಳ್ಳಗೆ ಹೂ ಬಿಟ್ಟವು. ಆ ಘಮವೇ ಮೂಗು ಹಿಡಿದು ಎಳೆದು ತಂದ ಹಾಗೆ ದೊರೆ ತೋಪಿಗೆ ಬಂದ. ಹಿಂದೆ ಮಂತ್ರಿ. ಈ ಮಂತ್ರಿಗೆ ಒಂದೇ ಒಂದು ಕೆಲಸ ಬರ್ತಿತ್ತು, ಹೌದು ಅನ್ನೋದು. ದೊರೆ ಒಂದು ಹೂವನ್ನು ಬಗ್ಗಿ ನೋಡುತ್ತಾನೆ, ಒಂದು ಜೇನು ಬರಿಗಾಲಲ್ಲಿ ಒಳಗೆ ಹೋಯಿತು. ಹೊರಗೆ ಬಂದಾಗ ಹಿಂಗಾಲು ಎರಡಕ್ಕೂ ಹಳದಿ ಉಂಡೆ. ಮೈ ತುಂಬಾ ಹಳದಿ ಪುಡಿ.

ಅದೇನು ಅಂತ ದೊರೆ ಮಂತ್ರಿಯನ್ನು ಕೇಳಿದ. ಹಳದಿಯಾಗಿದೆ, ಹೊಳೀತಿದೆ, ಹೊನ್ನಿನ ಪುಡಿಯೇ ಇರಬೇಕು ಅಂದ ಮಂತ್ರಿ. ದೊರೆ ಇನ್ನೊಂದು ಹೂವು ನೋಡಿದ, ಅಲ್ಲೂ ಅದೇ. ಮತ್ತೊಂದು ನೋಡಿದ, ಅಲ್ಲೂ ಅದೇ. ಹಗಲಿನಲ್ಲಿ, ಕಣ್ಣೆದುರಿಗೆ, ಸಾವಿರಾರು ಕಳ್ಳರು ಕಾಲಿಗೆ ಗಂಟು ಕಟ್ಟಿಕೊಂಡು ಹಾರಿಹೋಗುತ್ತಿದ್ದಾರೆ. ಮಂಚವ್ವನನ್ನು ಕರೆಸಿದ.

“ಬುದ್ಧಿ, ಅದು ಹೊನ್ನಲ್ಲ, ಹೂವಿನ ಅರಿಶಿನ,” ಅಂದಳು ಮಂಚವ್ವ. “ಹೆಣ್ಣುಮಕ್ಕಳು ಅರಿಶಿನ ಕುಂಕುಮಕ್ಕೆ ಮನೆಮನೆಗೆ ಹೋಗಲ್ವಾ, ಹಂಗೆ. ದೊಡ್ಡಕ್ಕನ ಮನೆ ಅರಿಶಿನ ಗಿಡ್ಡಕ್ಕನ ಮನೆಗೆ, ಗಿಡ್ಡಕ್ಕನದು ಸೊಟ್ಟಕ್ಕನ ಮನೆಗೆ. ಹೋದ ಕಡೆ ಒಂದು ಗುಟುಕು ಪಾನಕ ಕುಡೀತಾರೆ. ಅವರು ಹಂಗೆ ಹೋಗಿ ಬಂದರೇನೇ ಹೂವು ಕಾಯಾಗೋದು.”

“ಪಾನಕ ಯಾರದು?”

“ಮರದ್ದು ಬುದ್ಧಿ.”

“ಮರ ಯಾರದು?”

“ತಮ್ಮದೇ.”

“ಮತ್ತೆ?” ಅಂದ ದೊರೆ. ಮಂತ್ರಿ ಹೌದು ಹೌದು ಅಂದ.

ಅವತ್ತೇ ಊರಿನ ನೇಕಾರರಿಗೆ ಅಪ್ಪಣೆಯಾಯಿತು. ತೆಳ್ಳನೆ ಮಲ್ಲು ಬಟ್ಟೆ ನೇಯ್ದರು, ಹೊಲಿದರು, ಹನ್ನೆರಡು ಮರಕ್ಕೂ ತುದಿಯಿಂದ ಬುಡದವರೆಗೆ ಮುಸುಕು ಹಾಕಿ ಬಿಗಿದು ಕಟ್ಟಿದರು. ಸಾಲದು ಅಂತ ಸುತ್ತ ಇಪ್ಪತ್ತು ಜನ ಬಂಟರು, ಕೈಯಲ್ಲಿ ಕತ್ತಿಯಲ್ಲ, ಬೀಸಣಿಗೆ. ಜೇನು ಬಂದರೆ ಬೀಸಿ ಓಡಿಸಬೇಕು. ಯುದ್ಧಕ್ಕೆ ಹೋಗಿ ಬಂದ ಮೀಸೆಯ ಗಂಡಸರು ಮದುವೆಮನೆಯ ಬೀಗಿತ್ತಿಯರ ಹಾಗೆ ಗಾಳಿ ಬೀಸುತ್ತಾ ನಿಂತರು. ಕೆರೆಗೆ ಹೋಗುವ ಹೆಂಗಸರಿಗೆ ಕೊಡ ತುಂಬಿಕೊಳ್ಳೋದೇ ಮರೆತುಹೋಗುವಷ್ಟು ನಗು.

ಆಯಿತು, ಎಂಟು ದಿನ ಕಳೀತು, ಹದಿನೈದು ದಿನ ಕಳೀತು. ಹೂವೆಲ್ಲ ಮುಸುಕಿನೊಳಗೇ ಅರಳಿ, ಮುಸುಕಿನೊಳಗೇ ಬಾಡಿ, ಮಂಡಕ್ಕಿ ಸುರಿದ ಹಾಗೆ ಬುಡಕ್ಕೆ ಸುರಿದುಹೋದವು. ಒಂದು ಮರದಲ್ಲಾದರೂ ಒಂದು ಕಾಯಿ ಕಚ್ಚಲಿಲ್ಲ. ದೊರೆ ಬಂದು ನೋಡಿ, ನೀನು ನೀರು ಸರಿಯಾಗಿ ಹಾಕಿಲ್ಲ ಅಂತ ಮಂಚವ್ವನಿಗೇ ಬೈದು ಹೋದ.

ಮಾರನೇ ಬೆಳಗ್ಗೆ ಗೂಡಿನ ಬಾಗಿಲು ಕಾಯುವ ಜೇನವ್ವ ತೂತಿನಿಂದ ತಲೆ ಹೊರಗಿಟ್ಟು, ನಾವು ಇನ್ನು ಹೊರಡುತ್ತೇವೆ ಮಂಚಕ್ಕ ಅಂದಳಂತೆ. ಪಕ್ಕದಲ್ಲೇ ಇಷ್ಟು ಹೂವಿಟ್ಟುಕೊಂಡು ಹೊಟ್ಟೆಗಿಲ್ಲದೆ ಇರೋದು ಹೇಗೆ, ಮರಿಗಳಿಗೆ ತಿನ್ನಿಸೋದು ಏನು ಅಂತ ಅವಳ ಕಷ್ಟ ಅವಳು ಹೇಳಿಕೊಂಡಳು. ಮಂಚವ್ವ ಗೋಡೆಗೆ ಕೆನ್ನೆ ಆನಿಸಿ ಬೇಡಿಕೊಂಡಳು. ತವರು ಬಿಟ್ಟು ಹೋಗಬೇಡಿ ತಾಯಿ, ಕೆರೆಯ ಏರಿ ಮೇಲೆ ಹೊಂಗೆ ಹೂ ಬಿಡುತ್ತೆ, ಆಮೇಲೆ ಹುಣಸೆ ಐತೆ, ಹೆಂಗೋ ಶ್ರಾವಣದವರೆಗೆ ತಳ್ಳಿ, ಚಕ್ಕೋತ ಎರಡನೇ ಹೂ ಬಿಡೋದರೊಳಗೆ ನಾನೊಂದು ದಾರಿ ಹುಡುಕುತ್ತೀನಿ ಅಂದಳು. ಜೇನವ್ವ ಒಳಗೆ ಹೋಗಿ ತಾಯಿಜೇನನ್ನು ಕೇಳಿ ಬಂದು, ಆಗಲಿ, ನಿನ್ನ ಮುಖ ನೋಡಿ ಇರುತ್ತೇವೆ ಅಂದಳು.

ಶ್ರಾವಣ ಬಂತು. ಮರಗಳು ಮೊಗ್ಗು ಕಟ್ಟಿದವು. ಅದೇ ಹೊತ್ತಿಗೆ ಅರಮನೆಯಲ್ಲೊಂದು ಸುದ್ದಿ. ಮದುವೆಯಾದ ಒಂಬತ್ತು ವರ್ಷಕ್ಕೆ ರಾಣಿ ಹೊನ್ನಾಜಮ್ಮ ಬಸುರಿಯಾದಳು. ಊರಿಗೆಲ್ಲ ಸಕ್ಕರೆ ಹಂಚಿದರು. ಆ ರಾಜಮನೆತನದಲ್ಲಿ ಒಂದು ಶಾಸ್ತ್ರ. ಏಳನೇ ತಿಂಗಳಲ್ಲಿ ಸೀಮಂತದ ದಿನ ಬಸುರಿಯ ಮಡಿಲಿಗೆ ಸ್ವಂತ ತೋಪಿನ ಚಕ್ಕೋತದ ಹಣ್ಣು ಹಾಕಬೇಕು. ಬೇರೆಯವರ ತೋಪಿನದು ಆಗದು. ಹಣ್ಣು ಬೀಳದ ಮಡಿಲು ತುಂಬಿದ ಮಡಿಲಲ್ಲ, ಅವಳು ತವರಿಗೂ ಹೋಗುವ ಹಾಗಿಲ್ಲ.

ದೊರೆಗೆ ಈಗ ಎಚ್ಚರವಾಯಿತು. ಮಂಚವ್ವನನ್ನು ಕರೆಸಿ ಹೇಳಿದ: “ಸೀಮಂತದ ದಿನ ನನ್ನ ತೋಪಿನ ಹಣ್ಣು ರಾಣಿಯ ಮಡಿಲಿಗೆ ಬೀಳಬೇಕು. ಬೀಳಲಿಲ್ಲವೋ, ಅವತ್ತೇ ನಿನ್ನ ಗುಡಿಸಲು ಕೀಳಿಸುತ್ತೀನಿ. ಗೋಡೆಯೂ ಇರಲ್ಲ, ಗೋಡೆಯೊಳಗಿನ ಕಳ್ಳರೂ ಇರಲ್ಲ. ನೀನು ಏಳು ಕೆರೆ ಆಚೆ ಹೋಗಿ ಬದುಕಿಕೋ.”

ಮುಸುಕು ತೆಗೆಸಿ ಬುದ್ಧಿ, ಜೇನು ಬಿಡಿ ಅಂತ ಮಂಚವ್ವ ಮತ್ತೊಮ್ಮೆ ಹೇಳಿದಳು. ಜೇನಿನ ಮಾತು ಎತ್ತಬೇಡ ಅಂದ ದೊರೆ. ಅತ್ತೆ ನೆಟ್ಟ ಮರ, ಗಂಡ ನೀರು ಹೊತ್ತ ಮರ, ಇವನ್ನು ಬಿಟ್ಟು ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗಲಿ ಅಂತ ಮಂಚವ್ವನಿಗೆ ಚಿಂತೆ ಹತ್ತಿತು. ಆದರೆ ಅವಳ ಕಣ್ಣಿನ ಮೂಲೆಯಲ್ಲಿ ಒಂದು ತುಂಟತನ ಯಾವಾಗಲೂ ಕಾಲು ಮಡಿಚಿ ಕೂತಿರುತ್ತಿತ್ತು. ಅದು ಈಗ ಎದ್ದು ನಿಂತಿತು.

“ಸರಿ ಬುದ್ಧಿ. ಜೇನು ಬೇಡ ಅಂದರೆ ಬೇಡ. ಆದರೆ ಜೇನಿನ ಕೆಲಸ ಯಾರಾದರೂ ಮಾಡಬೇಕಲ್ಲ.”

ಏನು ಕೆಲಸ ಅಂದ ದೊರೆ. ಹೂವಿನಿಂದ ಹೂವಿಗೆ ಆ ಹಳದಿ ಪುಡಿ ಮುಟ್ಟಿಸಬೇಕು, ಅಷ್ಟೇ, ಬಂಟರ ಕೈಲಿ ಮಾಡಿಸಿ ಅಂದಳು ಮಂಚವ್ವ. ಬಂಟರು ಅಂದ ಕೂಡಲೇ ದೊರೆಗೆ ಅವರ ಇಪ್ಪತ್ತು ಜೊತೆ ಕೈಗಳು, ಆ ಕೈಗಳ ಉಗುರು, ಉಗುರಿನ ಸಂದಿಯಲ್ಲಿ ಸಿಕ್ಕಿಕೊಳ್ಳುವ ಹೊನ್ನು ಎಲ್ಲಾ ಕಣ್ಣಿಗೆ ಕಟ್ಟಿದವು. ಮಂತ್ರಿಯ ಮುಖ ನೋಡಿದ. ಮಂತ್ರಿಗೂ ಉಗುರುಗಳಿದ್ದವು.

“ನಾನೇ ಮಾಡುತ್ತೀನಿ,” ಅಂದ ದೊರೆ.

ಮಂಚವ್ವನಿಗೆ ಬೇಕಾಗಿದ್ದದ್ದೂ ಅದೇ. ಕೋಳಿಪುಕ್ಕ ಒಂದನ್ನು ಕಡ್ಡಿಯ ತುದಿಗೆ ಕಟ್ಟಿ ಕೊಟ್ಟಳು. ಕಿರೀಟ ಕೊಂಬೆಗೆ ಸಿಕ್ಕುತ್ತೆ ಅಂತ ತೆಗೆಸಿದಳು. ಕಚ್ಚೆ ಬಿಗಿಸಿದಳು. ಆಮೇಲೆ ಗಂಭೀರವಾಗಿ, ಪ್ರತಿ ಹೂವಿಗೂ ಪುಕ್ಕ ಮುಟ್ಟಿಸುವಾಗ ಝೊಂಯ್ ಅನ್ನಬೇಕು ಬುದ್ಧಿ, ಸದ್ದಿಲ್ಲದೆ ಬಂದವರಿಗೆ ಹೂವು ಬಾಗಿಲು ತೆಗೆಯಲ್ಲ ಅಂದಳು. ಇದು ಸುಳ್ಳು. ಆದರೆ ಅವಳು ಸಾಕಿದ ಮರಗಳಿಗೆ ಹಾಕಿದ ಮುಸುಕಿಗೆ ಅಷ್ಟಾದರೂ ಬೇಡವೇ?

ಇನ್ನೊಂದು ಮಾತು ಹೇಳಿದಳು, ಅದು ನಿಜ. “ದೊಡ್ಡಕ್ಕನ ಅರಿಶಿನ ದೊಡ್ಡಕ್ಕನಿಗೇ ಇಟ್ಟರೆ ಫಲ ಇಲ್ಲ ಬುದ್ಧಿ. ಗಿಡ್ಡಕ್ಕನ ಮನೆಯದು ತಂದು ಇವಳಿಗೆ ಮುಟ್ಟಿಸಬೇಕು, ಇವಳದು ಅವಳಿಗೆ. ಈ ಮರದ ಜಾತಿಯೇ ಹಂಗೆ.”

ಒಂದು ಮರದ ಹೊನ್ನು ಇನ್ನೊಂದಕ್ಕೆ ಯಾಕೆ ಕೊಡಲಿ, ಯಾವ ಮರದ್ದು ಆ ಮರದಲ್ಲೇ ಇರಲಿ, ಲೆಕ್ಕ ತಪ್ಪುತ್ತೆ ಅಂದ ದೊರೆ. ತಮ್ಮ ಇಷ್ಟ ಬುದ್ಧಿ ಅಂದಳು ಮಂಚವ್ವ.

ಕೊನೆಗೆ ಮುಸುಕಿನ ಮಾತು ಬಂತು. ದೊಡ್ಡಕ್ಕನ ಮುಸುಕೊಂದನ್ನು ತೆಗೆದರೆ ಸಾಕು ಅಂದ ದೊರೆ. ಮಂಚವ್ವ ಗಲ್ಲಕ್ಕೆ ಕೈಯಿಟ್ಟುಕೊಂಡಳು. “ಹನ್ನೆರಡು ಜನ ಅಕ್ಕತಂಗಿಯರು. ದೊರೆ ತಾವೇ ಒಬ್ಬಳ ಮನೆಗೆ ಬಂದಿರುವಾಗ ಉಳಿದ ಹನ್ನೊಂದು ಜನರ ಮುಖಕ್ಕೆ ಬಟ್ಟೆ ಮುಚ್ಚೋದಾ? ಯಾರ ಮನೆಯ ಹೆಣ್ಣುಮಕ್ಕಳು ಸಹಿಸುತ್ತಾರೆ? ಮುನಿಸಿಕೊಂಡರೆ ಇನ್ನು ಹತ್ತು ವರ್ಷ ಹೂ ಬಿಡಲ್ಲ.” ದೊರೆಗೆ ನಾಲ್ಕು ಜನ ಅಕ್ಕತಂಗಿಯರಿದ್ದರು. ಗೌರಿಹಬ್ಬಕ್ಕೆ ಒಬ್ಬಳಿಗೆ ಅಂಚು ದೊಡ್ಡದಿದ್ದ ಸೀರೆ ಕೊಟ್ಟು ಪಟ್ಟ ಪಾಡು ನೆನಪಾಯಿತು. ಹನ್ನೆರಡೂ ಮುಸುಕು ತೆಗೆಸಿದ.

ದೊರೆ ದೊಡ್ಡಕ್ಕನ ಮೇಲೆ ಏಣಿ ಹಾಕಿ ಹತ್ತಿದ. ಕೈಗೆ ಹೊನ್ನು ಬರುವ ಹೊತ್ತು ನೋಡಿ, ಅದಕ್ಕೆ ಇಪ್ಪತ್ತು ಬಂಟರನ್ನೂ ತನ್ನ ಮರದ ಸುತ್ತಲೇ ನಿಲ್ಲಿಸಿಕೊಂಡ. ಒಂದು ಜೇನೂ ಈ ಮರದ ಹತ್ತಿರ ಸುಳಿಯಬಾರದು. ಪುಕ್ಕ ಒಂದು ಹೂವಿಗೆ ಮುಟ್ಟಿಸಿದ, ಝೊಂಯ್ ಅಂದ. ಎರಡನೇ ಹೂವಿಗೆ ಮುಟ್ಟಿಸಿದ, ಝೊಂಯ್ ಅಂದ. ಮೂರನೇ ಹೂವಿನ ಹೊತ್ತಿಗೆ ಮೂಗಿನ ತುದಿಗೆ ಹಳದಿ ಹತ್ತಿ ಸೀನು ಬಂತು. ಸೀನಿಗೆ ಹೊನ್ನು ಹಾರಿಹೋಯಿತಲ್ಲ ಅಂತ ಕೆಳಗಿದ್ದ ಮಂತ್ರಿಯ ಪೇಟ ಬಿಚ್ಚಿಸಿ ಹರವಿಸಿದ. ತೋಪಿನ ಗೋಡೆಯಾಚೆ ಊರಿನ ಹೆಂಗಸರು, ಮುದುಕರು, ಕಂಕುಳಿನ ಕೂಸುಗಳು ಎಲ್ಲಾ ಸೇರಿಬಿಟ್ಟರು. ಬಂಟರಿಗೆ ಬೀಸಣಿಗೆ ಬೀಸೋದಕ್ಕಿಂತ ಅದನ್ನು ಬಾಯಿಗೆ ಅಡ್ಡ ಹಿಡಿದು ನಗು ಮುಚ್ಚಿಕೊಳ್ಳೋದೇ ಕೆಲಸವಾಯಿತು.

ಮಂಚವ್ವ ಮೆಲ್ಲಗೆ ಗುಡಿಸಲಿಗೆ ಹೋಗಿ ಗೋಡೆಯನ್ನು ಎರಡು ಸಲ ತಟ್ಟಿದಳು. ಮುಸುಕು ತೆಗೆದೈತೆ ಅಂದಳು. ಒಂದೇ ಒಂದು ಜೇನು ಹೊರಗೆ ಬಂತು. ಗಿಡ್ಡಕ್ಕನ ಮೇಲೆ ಒಂದು ಸುತ್ತು, ಸೊಟ್ಟಕ್ಕನ ಮೇಲೆ ಒಂದು ಸುತ್ತು ಹಾಕಿತು. ರುಚಿ ನೋಡಿತು. ತಿರುಗಿ ಗೂಡಿಗೆ ಹೋಗಿ ಹಿಂದುಮುಂದು ಸೊಂಟ ಅಲ್ಲಾಡಿಸಿ ಕುಣಿದು, ಇಂಥ ದಿಕ್ಕಿಗೆ, ಇಷ್ಟು ದೂರಕ್ಕೆ, ಇಂಥ ಹೂವು ಅಂತ ಎಲ್ಲರಿಗೂ ಹೇಳಿತು. ಜೇನಿನ ಮನೆಯಲ್ಲಿ ಸುದ್ದಿ ಹೇಳೋದು ಹಾಗೆಯೇ. ಆಮೇಲೆ ಹೊರಟವು ನೋಡಿ, ಹತ್ತು, ನೂರು, ಸಾವಿರ. ಹೊರಟ ಮೇಲೆ ಬೇರೆ ಹೂವಿನ ಕಡೆ ತಿರುಗಿಯೂ ನೋಡಲಿಲ್ಲ. ಚಕ್ಕೋತ ಅಂದರೆ ಚಕ್ಕೋತವೇ. ಗಿಡ್ಡಕ್ಕನ ಅರಿಶಿನ ಸೊಟ್ಟಕ್ಕನಿಗೆ, ಸೊಟ್ಟಕ್ಕನದು ಆಚೆಯವಳಿಗೆ, ಅವಳದು ಈಚೆಯವಳಿಗೆ. ಹನ್ನೊಂದು ಮನೆಯಲ್ಲೂ ಸಡಗರ. ಸಾವಿರ ಜೇನಿನ ಸದ್ದು ತೋಪು ತುಂಬಿದರೂ ಯಾರಿಗೂ ಅನುಮಾನ ಬರಲಿಲ್ಲ. ದೊರೆಯ ಝೊಂಯ್ ಅಷ್ಟು ಜೋರಾಗಿತ್ತಂತೆ.

ಹೀಗೆ ಐದು ದಿನ. ಐದು ದಿನವೂ ದೊರೆ ದೊಡ್ಡಕ್ಕನ ಮೇಲೇ. ಅವಳ ಪುಡಿ ತೆಗೆದು ಅವಳಿಗೇ ಇಟ್ಟ. ಆರನೇ ದಿನ ಸೊಂಟ ಹಿಡಿದುಕೊಂಡು ಇಳಿದು, ಇದು ನನ್ನ ಕೈಯಾರೆ ಆದ ಮರ, ಇದರ ಹಣ್ಣೇ ರಾಣಿಯ ಮಡಿಲಿಗೆ, ಸೀಮಂತದ ದಿನದವರೆಗೆ ಯಾರೂ ಇದನ್ನು ನೋಡಬಾರದು ಅಂತ ಆ ಒಂದು ಮರಕ್ಕೆ ಮತ್ತೆ ಮುಸುಕು ಬಿಗಿಸಿದ. ಬಂಟರನ್ನು ಅಲ್ಲೇ ಕಾವಲಿಟ್ಟ.

ಎರಡು ತಿಂಗಳಿಗೆ ಹನ್ನೊಂದು ಮರದಲ್ಲೂ ನಿಂಬೆಗಾತ್ರದ ಹಸಿರು ಕಾಯಿ. ದೊರೆ ಕಣ್ಣರಳಿಸಿ, ನಾನು ಈ ಮರಗಳನ್ನು ಮುಟ್ಟಲೇ ಇಲ್ಲವಲ್ಲ ಅಂದ. ಪ್ರಭುಗಳ ಝೊಂಯ್ ಗಾಳಿಯಲ್ಲಿ ಇವಕ್ಕೂ ಹೋಗಿ ತಲುಪಿದೆ ಅಂದ ಮಂತ್ರಿ. ಇರಬಹುದು ಇರಬಹುದು ಅಂತ ದೊರೆ ಮೀಸೆ ತಿರುವಿದ. ದೂರಕ್ಕೇ ಹೀಗೆ ಫಲ ಬಂದಿದ್ದರೆ ಹತ್ತಿರದ ದೊಡ್ಡಕ್ಕನಲ್ಲಿ ಕೊಂಬೆ ಮುರಿಯುವಷ್ಟು ಇರಬೇಕು ಅಂದ. ಮಂಚವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು, ಬಾಯಲ್ಲಿ ಏನೂ ಇರಲಿಲ್ಲ.

ಸೀಮಂತದ ದಿನ ಬಂತು. ತೋಪಿನಲ್ಲೇ ಚಪ್ಪರ, ಓಲಗ. ಮರಗಳಲ್ಲಿ ಹಣ್ಣೂ ತೂಗುತ್ತಿವೆ, ಮಾಘದ ಹೊಸ ಹೂವೂ ಬಿಡುತ್ತಿವೆ. ರಾಣಿ ಹೊನ್ನಾಜಮ್ಮ ಹಸಿರು ಸೀರೆ ಉಟ್ಟು, ಹಸಿರು ಬಳೆ ತೊಟ್ಟು, ಮಣೆ ಮೇಲೆ ಮಡಿಲು ಒಡ್ಡಿ ಕೂತಳು. ದೊರೆ ಎಲ್ಲರೂ ನೋಡುವ ಹಾಗೆ ದೊಡ್ಡಕ್ಕನ ಮುಸುಕಿನ ಹಗ್ಗ ಎಳೆದ.

ಎಲೆ. ಎಲೆಯ ಹಿಂದೆ ಎಲೆ. ಅದರ ಹಿಂದೆ ಇನ್ನೊಂದು ಎಲೆ. ದೊರೆ ಮರದ ಸುತ್ತ ಒಂದು ಸುತ್ತು ಬಂದ, ಎರಡು ಸುತ್ತು ಬಂದ. ಓಲಗದವರು ಊದೋದು ನಿಲ್ಲಿಸಿದರು. ದೊರೆಯ ಮುಖ ಕೆಂಪಾಯಿತು. ಇವಳು ನನಗೆ ತಪ್ಪು ಹೇಳಿಕೊಟ್ಟಳು, ಇವಳ ಗುಡಿಸಲು ಕೀಳಿ ಅಂತ ಬಂಟರ ಕಡೆ ತಿರುಗಿದ. ಇಬ್ಬರು ಬಂಟರು ಗುದ್ದಲಿ ಎತ್ತಿಕೊಂಡು ಗುಡಿಸಲಿನ ಕಡೆ ನಡೆದೂಬಿಟ್ಟರು.

ಮಂಚವ್ವ ಎದುರಿಗೆ ಬಂದು ಕೈಮುಗಿದಳು. “ಒಂದು ಮಾತು ಹೇಳಿಬಿಡಿ ಬುದ್ಧಿ, ಆಮೇಲೆ ಕೀಳಿಸಿ. ತಮ್ಮ ಝೊಂಯ್ ಗಾಳಿಯಲ್ಲಿ ಹೋಗಿ ಹನ್ನೊಂದು ಮರಕ್ಕೆ ಹಣ್ಣು ಕೊಟ್ಟಿತಂತೆ. ತಾವು ಐದು ದಿನ ಮೇಲೆಯೇ ಕೂತಿದ್ದ ಮರಕ್ಕೆ ಯಾಕೆ ಕೊಡಲಿಲ್ಲ?”

ದೊರೆ ಮಂತ್ರಿಯನ್ನು ನೋಡಿದ. ಮಂತ್ರಿ ಆಕಾಶ ನೋಡಿದ.

ಮತ್ತೆ ಯಾರು ಮಾಡಿದ್ದು ಇದನ್ನ ಅಂತ ರಾಣಿ ಕೇಳಿದಳು. ಮಂಚವ್ವ ಸುಮ್ಮನೆ ಗಿಡ್ಡಕ್ಕನ ಕಡೆ ಬೆರಳು ತೋರಿಸಿದಳು. ಒಂದು ಜೇನು ಅಲ್ಲಿ ಹೊಸ ಹೂವಿನೊಳಗೆ ಮುಳುಗಿ, ಮೈಯೆಲ್ಲ ಹಳದಿ ಮಾಡಿಕೊಂಡು ಹೊರಬಂದು, ಎಲ್ಲರ ಕಣ್ಣೆದುರಿಗೇ ಸೊಟ್ಟಕ್ಕನ ಹೂವಿಗೆ ಹೋಗಿ ಕೂತಿತು. ಮನೆಯಿಂದ ಮನೆಗೆ ಅರಿಶಿನ ಕುಂಕುಮಕ್ಕೆ ಓಡಾಡಿದ ಹೆಂಗಸರೇ ಅಲ್ಲಿದ್ದವರೆಲ್ಲ. ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ದೊರೆಗೆ ಇನ್ನೂ ಮನಸ್ಸು ಬಗ್ಗಲಿಲ್ಲ. ಅದು ಕಳ್ಳರು ಮುಟ್ಟಿದ ಹಣ್ಣು, ಅರಸಿಯ ಮಡಿಲಿಗೆ ಆಗದು ಅಂದ.

“ಹಾಗಾದರೆ ನೀವು ಮುಟ್ಟಿದ ಹಣ್ಣು ಕೊಡಿ,” ಅಂದಳು ರಾಣಿ.

ದೊರೆ ದೊಡ್ಡಕ್ಕನ ಸುತ್ತ ಮೂರನೇ ಸುತ್ತು ಹೊರಟ.

“ಒಂಬತ್ತು ವರ್ಷ ಖಾಲಿ ಮಡಿಲು ಹೊತ್ತುಕೊಂಡಿದ್ದೀನಿ. ಇನ್ನು ಒಂದು ಗಳಿಗೆ ಹೊರಲ್ಲ. ಮಂಚವ್ವ, ನಿನ್ನ ಕೈಯಿಂದಲೇ ಹಾಕು.”

ಬಸುರಿ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಅನ್ನೋ ಗಂಡಸು ಆ ಸೀಮೆಯಲ್ಲಿ ಹುಟ್ಟಿರಲಿಲ್ಲ. ಗುದ್ದಲಿ ಹಿಡಿದು ಹೋಗಿದ್ದ ಬಂಟರನ್ನು ದೊರೆಯೇ ಕೂಗಿ ನಿಲ್ಲಿಸಿದ. ಮಂಚವ್ವ ಗಿಡ್ಡಕ್ಕನ ಅತಿ ದಪ್ಪನೆಯ ಹಣ್ಣು ಕಿತ್ತು ತಂದು ರಾಣಿಯ ಮಡಿಲಿಗೆ ಹಾಕಿದಳು. ಓಲಗ ಮೊಳಗಿತು. ರಾಣಿ ಆ ಹಣ್ಣನ್ನು ಎರಡೂ ಕೈಯಿಂದ ಹೊಟ್ಟೆಗೆ ಒತ್ತಿಕೊಂಡು ಕೂತಳಂತೆ. ಅದನ್ನು ನೋಡಿದ ಮೇಲೆ ದೊರೆ ಒಂದೇ ಉಸಿರಿಗೆ ಹೇಳಿಬಿಟ್ಟ: ತೋಪಿಗೆ ಇನ್ನು ಮುಸುಕಿಲ್ಲ, ಮಂಚವ್ವ ಇರುವಷ್ಟು ದಿನ ತೋಪು ಅವಳ ಮಾತಿನಂತೆ, ಅವಳ ಗೋಡೆ ಮುಟ್ಟಿದವನಿಗೆ ಊರಿನಲ್ಲಿ ನೀರಿಲ್ಲ.

ರಾಣಿ ಅಷ್ಟಕ್ಕೇ ಬಿಡಲಿಲ್ಲ. ಹೆಣ್ಣುಮಕ್ಕಳನ್ನು ಕಳ್ಳರು ಅಂದಿದ್ದೀರಿ, ನೀವೇ ಹೋಗಿ ಕರೆದು ಬನ್ನಿ ಅಂತ ದೊರೆಯ ಕೈಗೆ ಅರಿಶಿನ ಕುಂಕುಮದ ತಟ್ಟೆ ಕೊಟ್ಟು ಕಳಿಸಿದಳು. ದೊರೆ ಗುಡಿಸಲಿನ ಮುಂದೆ ಬಗ್ಗಿ, ತೂತಿನ ಬಾಯಿಗೆ ಕುಂಕುಮ ಇಟ್ಟು, ತಪ್ಪಾಯಿತು, ಬರಬೇಕು, ತೋಪು ನಿಮ್ಮದು ಅಂದ. ‘ನಿಮ್ಮದು’ ಅನ್ನೋ ಮಾತು ಅವನ ಬಾಯಲ್ಲಿ ಮೊದಲ ಸಲ ಬಂದಿದ್ದಕ್ಕೆ ನಾಲಿಗೆ ಕಚ್ಚಿಕೊಂಡನಂತೆ.

ಜೇನವ್ವ ತಲೆ ಹೊರಗಿಟ್ಟು ದೊರೆಯನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಮಂಚವ್ವನಿಗೆ ಮಾತ್ರ ತಿಳಿಯುವ ಹಾಗೆ ಹೇಳಿದಳು: “ಓ, ಶ್ರಾವಣದಲ್ಲಿ ಮರ ಹತ್ತಿದ್ದವನಾ? ನಾವು ಇವನನ್ನ ಯಾವುದೋ ಗೂಡಿನ ಗಂಡುಜೇನು ಅಂದುಕೊಂಡಿದ್ವಿ ಮಂಚಕ್ಕ. ನಮ್ಮ ಮನೆ ಗಂಡುಗಳೂ ಹಿಂಗೇ. ಝೊಂಯ್ ಅಂತ ಸದ್ದು ಜಾಸ್ತಿ, ಕೆಲಸ ಒಂದೂ ಇಲ್ಲ.”

ಏನಂದಳು, ಏನಂದಳು ಅಂತ ದೊರೆ ಆತುರ ಬಿದ್ದು ಕೇಳಿದ.

ಮಂಚವ್ವ ಸೆರಗು ಸರಿಮಾಡಿಕೊಂಡಳು. “ಬಹಳ ಸಂತೋಷ ಅಂದಳು ಬುದ್ಧಿ. ತಾವು ಥೇಟ್ ಅವರ ಮನೆಯ ಗಂಡಸರ ಹಂಗೇ ಇದ್ದೀರಂತೆ.”

ದೊರೆ ಹಿಗ್ಗಿ ಹೀರೇಕಾಯಾದ. ಮೀಸೆ ತಿರುವುತ್ತಾ ಚಪ್ಪರಕ್ಕೆ ವಾಪಸು ಬಂದು, ಜೇನುಗಳೆಲ್ಲ ನನ್ನನ್ನ ತಮ್ಮ ಮನೆಯ ಗಂಡಸು ಅಂತ ಒಪ್ಪಿಕೊಂಡಿವೆ ಅಂತ ರಾಣಿಗೆ ಹೇಳಿದ, ಮಂತ್ರಿಗೆ ಹೇಳಿದ, ಓಲಗದವರಿಗೂ ಹೇಳಿದ. ಮಂತ್ರಿ ಹೌದು ಅಂದ.

ಅವರು ಅಲ್ಲಿ ಹಣ್ಣಿನ ತೊಳೆ ಬಿಡಿಸಿ ತಿಂದುಕೊಂಡು ತಣ್ಣಗಿದ್ದಾರೆ, ನಾವು ಇಲ್ಲಿ ಮಾತಿನ ತೊಳೆ ಬಿಡಿಸಿ ಹಂಚಿಕೊಂಡು ತಣ್ಣಗಿದ್ದೀವಿ.